ಕುಟ್ಟಬಾರದ ಮಾತ್ರೆ

ಅಜ್ಜನಿಗೆ ಸಕ್ಕರೆ ಕಾಯಿಲೆ. ರಾತ್ರಿ ಊಟದ ಜೊತೆ ಒಂದು ಮಾತ್ರೆ ನುಂಗಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಮಾತ್ರೆ ದಪ್ಪ, ಅಜ್ಜನ ಗಂಟಲಲ್ಲಿ ಇಳಿಯದು. ಹತ್ತನೆಯ ತರಗತಿಯ ಮೊಮ್ಮಗಳು ಅದನ್ನು ಪುಟ್ಟ ಕಲ್ಲಿನಲ್ಲಿ ಕುಟ್ಟಿ, ನುಣ್ಣಗೆ ಪುಡಿ ಮಾಡಿ, ನೀರಿನಲ್ಲಿ ಕಲಸಿ ಚಮಚದಲ್ಲಿ ಕುಡಿಸುತ್ತಾಳೆ. ಅವಳ ಪ್ರೀತಿಗೆ ಕೊರತೆಯಿಲ್ಲ. ಆದರೆ ಮಾತ್ರೆಯ ಹೆಸರಿನ ಮುಂದಿರುವ ಎರಡು ಇಂಗ್ಲಿಷ್ ಅಕ್ಷರಗಳನ್ನು ಮನೆಯಲ್ಲಿ ಯಾರೂ ಗಮನಿಸಿಲ್ಲ. ಆ ಅಕ್ಷರಗಳು ಎಸ್.ಆರ್. ಅಂದರೆ ಸಸ್ಟೈನ್ಡ್ ರಿಲೀಸ್, ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ಬಹಳ ಹೊತ್ತು ಬಿಡುತ್ತಾ ಹೋಗುವ ಮಾತ್ರೆ. ಇಡೀ ದಿನಕ್ಕೆಂದು ಕಟ್ಟಿಕೊಟ್ಟ ಬುತ್ತಿಯನ್ನು ಮೊಮ್ಮಗಳು ಒಂದೇ ಹೊತ್ತಿಗೆ ಉಣ್ಣಿಸುತ್ತಿದ್ದಾಳೆ!

ಇಂಥ ಮಾತ್ರೆ ಏಕೆ ಬೇಕು? ಸಾಮಾನ್ಯ ಮಾತ್ರೆ ಹೊಟ್ಟೆ ಸೇರಿದ ಕೆಲವೇ ನಿಮಿಷಗಳಲ್ಲಿ ಒಡೆದು ಕರಗುತ್ತದೆ. ರಕ್ತದಲ್ಲಿ ಔಷಧದ ಪ್ರಮಾಣ ಬೇಗನೆ ಏರಿ, ಮೂತ್ರಪಿಂಡ, ಯಕೃತ್ತುಗಳ ಕೆಲಸದಿಂದ ಮತ್ತೆ ಇಳಿಯುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನ್ನೇ ನೋಡಿ. ರಕ್ತದಲ್ಲಿ ಅದರ ಅರ್ಧಾಯು ಸುಮಾರು 6 ಗಂಟೆ. ಅಂದರೆ ಪ್ರತಿ 6 ಗಂಟೆಗೆ ಅದು ಅರ್ಧದಷ್ಟಾಗುತ್ತದೆ. ಆದ್ದರಿಂದ ಸಾಮಾನ್ಯ ಮಾತ್ರೆಯಾದರೆ ದಿನಕ್ಕೆ ಎರಡು ಮೂರು ಸಲ ನುಂಗಬೇಕು. ಪ್ರಮಾಣ ಮಿತಿಗಿಂತ ಮೇಲೇರಿದರೆ ಅಡ್ಡ ಪರಿಣಾಮ, ಕೆಳಗಿಳಿದರೆ ಗುಣವಿಲ್ಲ. ಇವೆರಡರ ನಡುವಿನ ಮಟ್ಟದಲ್ಲಿ ಔಷಧವನ್ನು ದಿನವಿಡೀ ಕಾಪಾಡುವುದೇ ಎಸ್.ಆರ್. ಮಾತ್ರೆಯ ಉದ್ದೇಶ.

ಈ ಕೆಲಸ ಮಾಡುವುದು ಪಾಲಿಮರ್. ಒಂದೇ ಬಗೆಯ ಪುಟ್ಟ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಕೊಂಡಿಗೆ ಕೊಂಡಿ ಸೇರಿಸಿಕೊಂಡ ಉದ್ದನೆಯ ಸರಪಳಿಯೇ ಪಾಲಿಮರ್. ಪ್ಲಾಸ್ಟಿಕ್ ಮಾತ್ರ ಪಾಲಿಮರ್ ಅಲ್ಲ. ಹತ್ತಿಯ ಸೆಲ್ಯುಲೋಸ್, ಅಕ್ಕಿಯ ಪಿಷ್ಟ, ಗೋರಿಕಾಯಿ ಬೀಜದ ಅಂಟು ಕೂಡ ಪಾಲಿಮರ್‌ಗಳೇ. ಮಾತ್ರೆಗಳಲ್ಲಿ ಹೆಚ್ಚಾಗಿ ಬಳಸುವ ಪಾಲಿಮರ್ ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್. ಹೆಸರು ಉದ್ದವಾದ್ದರಿಂದ ಎಚ್‌.ಪಿ.ಎಂ.ಸಿ. ಎನ್ನುತ್ತಾರೆ. ಮರದ ತಿರುಳು ಅಥವಾ ಹತ್ತಿಯ ಸೆಲ್ಯುಲೋಸನ್ನು ರಾಸಾಯನಿಕವಾಗಿ ಮಾರ್ಪಡಿಸಿ ಇದನ್ನು ತಯಾರಿಸುತ್ತಾರೆ. ದೇಹ ಇದನ್ನು ಹೀರಿಕೊಳ್ಳುವುದಿಲ್ಲ.

ಇದರ ಗುಣ ತಿಳಿಯಬೇಕಾದರೆ ಒಂದು ಚಮಚ ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಪ್ರತಿ ಬೀಜದ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಎಚ್‌.ಪಿ.ಎಂ.ಸಿ. ಬೆರೆತ ಮಾತ್ರೆಯೂ ಹೊಟ್ಟೆಯಲ್ಲಿ ಹೀಗೆಯೇ ಮಾಡುತ್ತದೆ. ಹೊರಮೈ ನೆನೆದು, ಸರಪಳಿಗಳು ನೀರು ಹೀರಿ ಉಬ್ಬಿ ಲೋಳೆಯಾಗುತ್ತವೆ. ಒಳಗಿನ ತಿರುಳು ಒಣಗಿಯೇ ಇರುತ್ತದೆ. ನೀರು ಲೋಳೆಯನ್ನು ದಾಟಿ ನಿಧಾನವಾಗಿ ಒಳಗೆ ಹೋಗಬೇಕು. ಕರಗಿದ ಔಷಧ ಅದೇ ಲೋಳೆಯಲ್ಲಿ ನುಸುಳಿ ಹೊರಗೆ ಬರಬೇಕು. ಪಾಠಪುಸ್ತಕದ ವಿಸರಣೆ ಎಂದರೆ ಇದೇ. ಜೊತೆಗೆ ಲೋಳೆಯ ಹೊರಪದರವೂ ಸ್ವಲ್ಪ ಸ್ವಲ್ಪವೇ ಸವೆಯುತ್ತಾ ಹೋಗುತ್ತದೆ.

ಹೊತ್ತು ಕಳೆದಂತೆ ಔಷಧ ಸಾಗಬೇಕಾದ ದಾರಿ ಉದ್ದವಾಗುತ್ತದೆ. ಅಮೆರಿಕದ ವಿಜ್ಞಾನಿ ತಾಕೆರು ಹಿಗುಚಿ 1961ರಲ್ಲಿ, ಮುಲಾಮಿನಿಂದ ಔಷಧ ಹೊರಬರುವ ವೇಗಕ್ಕೆ ಒಂದು ಸಮೀಕರಣ ಕೊಟ್ಟರು. ಹೊರಬಂದ ಔಷಧದ ಪ್ರಮಾಣ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಅದರ ಸಾರ. ಇಂಥ ಮಾತ್ರೆಗಳಿಗೂ ಅದು ಸುಮಾರಾಗಿ ಹೊಂದುತ್ತದೆ. ಒಂದು ಗಂಟೆಯಲ್ಲಿ ಶೇಕಡ 20 ಹೊರಬಂದರೆ, ಶೇಕಡ 40 ಬರಲು ಎರಡು ಗಂಟೆ ಸಾಲದು, 4 ಗಂಟೆ ಬೇಕು. ಶೇಕಡ 60ಕ್ಕೆ 9 ಗಂಟೆ. ವರ್ಗಮೂಲ ಯಾವ ಉಪಯೋಗಕ್ಕೆ ಎಂದು ಕೇಳುವ ಮಕ್ಕಳಿಗೆ ಇಲ್ಲೊಂದು ಉತ್ತರವಿದೆ.

ಕಾರ್ಖಾನೆಯಲ್ಲಿ ಮಾಡುವ ಕ್ರಮ ಕೇಳಲು ಸರಳ. ಔಷಧದ ಪುಡಿ, ಪಾಲಿಮರ್ ಪುಡಿ ಎರಡನ್ನೂ ಜರಡಿ ಹಿಡಿದು ಸಮನಾಗಿ ಬೆರೆಸುತ್ತಾರೆ. ದ್ರವ ಸೇರಿಸಿ ಕಲಸಿ, ರವೆಯಂಥ ಹರಳು ಮಾಡಿ ಒಣಗಿಸುತ್ತಾರೆ. ಯಂತ್ರಕ್ಕೆ ಅಂಟದಿರಲೆಂದು ಮೆಗ್ನೀಸಿಯಂ ಸ್ಟಿಯರೇಟ್ ಎಂಬ ನುಣುಪು ಪುಡಿಯನ್ನು ಚೂರು ಬೆರೆಸಿ, ಉಕ್ಕಿನ ಅಚ್ಚಿನಲ್ಲಿ ಒತ್ತಿ ಮಾತ್ರೆ ಮಾಡುತ್ತಾರೆ. ಜಾಣತನವಿರುವುದು ಪಾಲಿಮರ್‌ನ ಆಯ್ಕೆಯಲ್ಲಿ. ಮಾತ್ರೆಯ ತೂಕದಲ್ಲಿ ಅದು ಸಾಮಾನ್ಯವಾಗಿ ಶೇಕಡ 20ರಿಂದ 40ರಷ್ಟು ಇರುತ್ತದೆ. ಸರಪಳಿ ಉದ್ದವಾದಷ್ಟೂ ಲೋಳೆ ಗಟ್ಟಿ. ಎಚ್‌.ಪಿ.ಎಂ.ಸಿ.ಯ ಒಂದು ಬಗೆಯ ಶೇಕಡ 2ರ ದ್ರಾವಣ ನೀರಿಗಿಂತ ಸುಮಾರು 4,000 ಪಟ್ಟು ಮಂದವಾದರೆ, ಇನ್ನೊಂದು ಬಗೆಯದು ಸುಮಾರು ಒಂದು ಲಕ್ಷ ಪಟ್ಟು!

ತಯಾರಾದ ಮಾತ್ರೆಗೂ ಪರೀಕ್ಷೆ ಉಂಟು. ದೇಹದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಸುಮಾರು ಒಂದು ಲೀಟರ್ ದ್ರವದಲ್ಲಿ ಮಾತ್ರೆ ಹಾಕಿ, ಗೊತ್ತಾದ ವೇಗದಲ್ಲಿ ಕಲಕುತ್ತಾ, ಗಂಟೆ ಗಂಟೆಗೆ ಎಷ್ಟು ಔಷಧ ಹೊರಬಂತೆಂದು ಅಳೆಯುತ್ತಾರೆ. ತಡವಾಗಿ ಬಂದರೂ ತಪ್ಪು, ಬೇಗ ಬಂದರೂ ತಪ್ಪು.

ಲೋಳೆಯ ಉಪಾಯವಲ್ಲದೆ ಪದರ ಹಚ್ಚುವ ಉಪಾಯವೂ ಇದೆ. ಅಮೆರಿಕದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ 1952ರಲ್ಲಿ ‘ಸ್ಪಾನ್ಸೂಲ್’ ಎಂಬ ಕ್ಯಾಪ್ಸೂಲನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ನೂರಾರು ಪುಟ್ಟ ಔಷಧದ ಗುಂಡುಗಳು, ಅವುಗಳ ಮೇಲೆ ಬೇರೆ ಬೇರೆ ದಪ್ಪದ ಲೇಪ. ತೆಳು ಲೇಪದ್ದು ಮೊದಲು ಔಷಧ ಬಿಡುತ್ತದೆ, ದಪ್ಪ ಲೇಪದ್ದು ಆಮೇಲೆ. ಸಂಕ್ರಾಂತಿಗೆ ಬಿಸಿ ಬಾಣಲೆಯಲ್ಲಿ ಎಳ್ಳಿಗೆ ಪಾಕವನ್ನು ಚಮಚ ಚಮಚವಾಗಿ ಹಾಕಿ ಕುಸುರೆಳ್ಳು ಮಾಡುವುದನ್ನು ಕಂಡವರಿಗೆ ಈ ವಿದ್ಯೆ ಹೊಸದೆನಿಸದು.

ಈಗ ಮೊಮ್ಮಗಳ ಕಲ್ಲಿಗೆ ಮರಳೋಣ. ಒಂದು ಸೆಂಟಿಮೀಟರ್ ಘನದ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 60 ಚದರ ಸೆಂಟಿಮೀಟರ್. ಕುಟ್ಟಿದಾಗ ನೀರು ತಾಗುವ ಮೈ ಹೀಗೆ ಹೆಚ್ಚುತ್ತದೆ, ಔಷಧ ಸಾಗಬೇಕಾದ ದಾರಿ ಮೊಟಕಾಗುತ್ತದೆ. ದಿನದ ಔಷಧವೆಲ್ಲ ಅವಸರದಲ್ಲಿ ರಕ್ತಕ್ಕೆ ನುಗ್ಗುತ್ತದೆ. ಮೆಟ್‌ಫಾರ್ಮಿನ್ ಆದರೆ ಹೊಟ್ಟೆ ತೊಳಸು, ಭೇದಿ ಆಗಬಹುದು. ಮರುದಿನ ಔಷಧದ ಬಲವೂ ಬೇಗ ಕುಂದುತ್ತದೆ. ರಕ್ತದೊತ್ತಡದ ಮಾತ್ರೆಯಾದರೆ ಒತ್ತಡ ತಟ್ಟನೆ ಕುಸಿಯಬಹುದು. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಅತಿಯಾದರೆ ಎದೆಬಡಿತ ಏರುಪೇರಾಗಿ, ಸೆಳವು ಬಂದು, ಪ್ರಾಣಕ್ಕೇ ಅಪಾಯ.

ಕುಟ್ಟದೆಯೂ ಈ ಕಟ್ಟು ಒಡೆದೀತು. ಪ್ಯಾಲಡೋನ್ ಎಂಬ ಪ್ರಬಲ ನೋವುನಿವಾರಕ ಕ್ಯಾಪ್ಸೂಲನ್ನು ಅಮೆರಿಕದಲ್ಲಿ 2005ರಲ್ಲಿ, ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಮದ್ಯದ ಜೊತೆ ಸೇವಿಸಿದರೆ ಅದರ ನಿಧಾನ ಬಿಡುಗಡೆ ಕೆಟ್ಟು, ಔಷಧ ಒಮ್ಮೆಲೇ ಹೊರಬರುತ್ತದೆಂದು ತಿಳಿದದ್ದೇ ಕಾರಣ.

ಆದ್ದರಿಂದ ಮಾತ್ರೆಯ ಹೆಸರಿನ ಜೊತೆ ಎಸ್.ಆರ್., ಇ.ಆರ್., ಎಕ್ಸ್.ಆರ್., ಸಿ.ಆರ್. ಎಂಬ ಅಕ್ಷರಗಳಿವೆಯೇ ನೋಡಿ. ಇದ್ದರೆ ಅದನ್ನು ಕುಟ್ಟಬಾರದು, ಅಗಿಯಬಾರದು. ನಡುವೆ ಗೆರೆಯಿರುವ ಕೆಲವನ್ನು ಮಾತ್ರ ಅರ್ಧ ಮಾಡಬಹುದು. ಅದನ್ನೂ ಕೇಳಿಯೇ ಮಾಡಬೇಕು. ಅಕ್ಷರಗಳಿಲ್ಲದಿದ್ದರೂ ಸಂಶಯವಿದ್ದಲ್ಲಿ ಔಷಧಿ ಅಂಗಡಿಯವರನ್ನು ವಿಚಾರಿಸಿ. ಮಲದಲ್ಲಿ ಮಾತ್ರೆಯಂಥದೇ ಮೆತ್ತನೆಯ ಮುದ್ದೆ ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಅದು ಔಷಧ ಬಿಟ್ಟುಕೊಟ್ಟ ಮೇಲೆ ಉಳಿದ ಪಾಲಿಮರ್.

ಮಾತ್ರೆ ನುಂಗಲಾಗದಿದ್ದರೆ ಅದನ್ನು ವೈದ್ಯರಿಗೆ ಹೇಳುವುದೇ ಸರಿ. ಅನೇಕ ಔಷಧಗಳಿಗೆ ದ್ರವರೂಪವೋ ಚಿಕ್ಕ ಮಾತ್ರೆಯೋ ಸಿಗುತ್ತದೆ, ಬದಲಿ ಔಷಧವೂ ಇರಬಹುದು. ಅಜ್ಜ ಸಂಕೋಚದಿಂದ ಸುಮ್ಮನಿದ್ದರೆ, ಮುಂದಿನ ಸಲ ಜೊತೆಗೆ ಹೋಗಿ ಹೇಳುವ ಕೆಲಸವನ್ನು ಮೊಮ್ಮಗಳು ವಹಿಸಿಕೊಳ್ಳಲಿ.