ನಾಲ್ಕೂ ಇಂಡಿಕೇಟರ್ ಹಾಕಿದ್ರೆ ನೇರ ಅಂತಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನ ಗೆಳೆಯನೊಬ್ಬ ಭುಜದ ಮೂಳೆ ಮುರಿದುಕೊಂಡು ಇಂಟರ್ನಲ್ಸ್ ತಪ್ಪಿಸಿಕೊಂಡ. ಅಡ್ಡರಸ್ತೆಯಿಂದ ಬೈಕಿನಲ್ಲಿ ಮುಖ್ಯರಸ್ತೆಗೆ ಬರುತ್ತಿದ್ದ. ಬಲಗಡೆಯಿಂದ ಒಂದು ಆಟೋ, ಅದರ ಹಿಂದೆ ಒಂದು ಕಾರು. ಆಟೋ ಅಡ್ಡ ಇದ್ದದ್ದರಿಂದ ಕಾರಿನ ಎಡ ಮೂಲೆ ಮಾತ್ರ ಕಾಣುತ್ತಿತ್ತು, ಅಲ್ಲಿ ಇಂಡಿಕೇಟರ್ ಮಿನುಗುತ್ತಿತ್ತು. ಕಾರು ಎಡಕ್ಕೆ ತಿರುಗಿ ತನ್ನ ರಸ್ತೆಗೇ ಬರುತ್ತೆ ಅಂದ್ಕೊಂಡು, ಆಟೋ ದಾಟಿದ ಕೂಡಲೇ ಇವನು ನುಗ್ಗಿದ. ಕಾರು ನೇರ ಬಂತು. ಇಳಿದು ಬಂದ ಯಜಮಾನರು ಕೇಳಿದ್ದಿಷ್ಟು: “ನಾಲ್ಕೂ ಇಂಡಿಕೇಟರ್ ಹಾಕಿದ್ನಲ್ಲಪ್ಪಾ, ನೇರ ಹೋಗ್ತೀನಿ ಅಂತ?”

ಅವರೊಬ್ಬರನ್ನೇ ಬೈದು ಏನು ಬಂತು? ನಮ್ಮಲ್ಲೂ ಎಷ್ಟೋ ಜನ ಹಾಗೇ ಅಂದ್ಕೊಂಡಿದ್ವಿ. ಅದರ ಹೆಸರೇ ಹಜಾರ್ಡ್ ಲೈಟ್, ಅಪಾಯದ ದೀಪ. ಗಾಡಿ ಕೆಟ್ಟು ರಸ್ತೆಯಲ್ಲೇ ನಿಂತಾಗ ‘ಇಲ್ಲೊಂದು ಅಡ್ಡಿ ಇದೆ, ನೋಡ್ಕೊಂಡು ಬನ್ನಿ’ ಅನ್ನೋಕೆ ಇರೋದು. ನೇರ ಹೋಗೋಕೆ ಸಿಗ್ನಲ್ಲೇ ಬೇಡ. ಏನೂ ಹಾಕದಿದ್ರೆ ನೇರ ಅಂತಲೇ ಅರ್ಥ.

‘ಡಿಪ್’ ಕಥೆಯೂ ಅಷ್ಟೇ. ಲಾರಿಗಳ ಹಿಂದೆ ಓದಿ ಓದಿ ಬಾಯಿಪಾಠವಾದ ಪದ. ಡಿಪ್ ಅಂದ್ರೆ ತಗ್ಗಿಸು. ಬೆಳಕನ್ನು ಮಂಕು ಮಾಡೋದಲ್ಲ, ಎದುರಿನವನ ಕಣ್ಣಿಗೆ ಬೀಳದಂತೆ ರಸ್ತೆ ಕಡೆಗೆ ಬಗ್ಗಿಸೋದು. ನಾವು ಮಾಡೋದೇನು? ಹೈ ಬೀಮ್ ಪಟಪಟ ಹೊಡೆದು ‘ನಾನು ಬಂದೆ, ನೀನು ನಿಲ್ಲು’ ಅಂತೀವಿ. ಇದೇ ಮಿಂಚಿಗೆ ಬ್ರಿಟನ್ನಿನಲ್ಲಿ ಎಷ್ಟೋ ಜನ ‘ನೀವು ಮೊದಲು ಹೋಗಿ’ ಅಂತ ಅರ್ಥ ಮಾಡ್ಕೊಳ್ತಾರೆ!

ಎಲ್‌ಎಲ್‌ಆರ್ ಪರೀಕ್ಷೆಯ ಹಿಂದಿನ ರಾತ್ರಿ ನಾವೆಲ್ಲ ಫಲಕಗಳನ್ನು ಬೈಹಾರ್ಟ್ ಮಾಡಿದ್ವಿ, ಪಾಸೂ ಆದ್ವಿ. ಆದರೆ ಅವುಗಳಿಗೂ ಒಂದು ವ್ಯಾಕರಣ ಇದೆ ಅಂತ ಯಾರೂ ಹೇಳಲಿಲ್ಲ. ವೃತ್ತ ಅಂದ್ರೆ ಆಜ್ಞೆ, ತ್ರಿಕೋನ ಅಂದ್ರೆ ಎಚ್ಚರಿಕೆ, ಆಯತ ಅಂದ್ರೆ ಮಾಹಿತಿ. ವೃತ್ತದಲ್ಲೂ ಕೆಂಪು ಅಂಚಿದ್ದರೆ ಮಾಡಬೇಡ, ನೀಲಿ ತುಂಬಿದ್ದರೆ ಮಾಡಲೇಬೇಕು. ಕೆಂಪು ಅಂಚಿನೊಳಗೆ 50 ಇದ್ದರೆ ಅದಕ್ಕಿಂತ ಜೋರಾಗಿ ಹೋಗುವಂತಿಲ್ಲ. ನೀಲಿಯಲ್ಲಿ 50 ಇದ್ದರೆ ಅದಕ್ಕಿಂತ ನಿಧಾನ ಹೋಗುವಂತಿಲ್ಲ. ಇಷ್ಟು ತಿಳಿದಿದ್ದರೆ ಅರ್ಧ ಫಲಕಗಳನ್ನು ಉರು ಹೊಡೆಯೋದೇ ಬೇಕಿರಲಿಲ್ಲ.

ನಮಗೆ ತುಂಬಾ ಹಿಡಿಸಿದ್ದು ಸ್ಟಾಪ್ ಫಲಕ. ಅದಕ್ಕೆ ಎಂಟು ಮೂಲೆ ಯಾಕೆ? 1923ರಲ್ಲಿ ಅಮೆರಿಕದ ಹೆದ್ದಾರಿ ಎಂಜಿನಿಯರುಗಳು ಅಪಾಯ ಹೆಚ್ಚಿದಷ್ಟೂ ಮೂಲೆ ಹೆಚ್ಚಿರಲಿ ಅಂತ ಲೆಕ್ಕ ಹಾಕಿದರು. ಆಗ ಬಣ್ಣವನ್ನು ನೆಚ್ಚುವಂತಿರಲಿಲ್ಲ. ಬಿಸಿಲಿಗೆ ಬಾಳುವ ಕೆಂಪು ಸಿಗದೆ, 1954ರವರೆಗೂ ಅಲ್ಲಿನ ಸ್ಟಾಪ್ ಫಲಕಗಳು ಹಳದಿಯಾಗಿದ್ದವು. ಆಕಾರಕ್ಕೆ ಆ ತೊಂದರೆ ಇಲ್ಲ. ಧೂಳು ಮೆತ್ತಿರಲಿ, ಮೇಲೆ ಯಾರದೋ ಹುಟ್ಟುಹಬ್ಬದ ಪೋಸ್ಟರ್ ಅಂಟಿಸಿರಲಿ, ಹಿಂದಿನಿಂದ ನೋಡಿದರೂ ಎಂಟು ಮೂಲೆ ಎಂಟೇ.

ಡ್ರಾಯಿಂಗ್ ಶೀಟಿನಲ್ಲಿ ಒಂದು ಡ್ಯಾಶ್ಡ್ ಲೈನ್ ತಪ್ಪಿದರೆ ಮಾರ್ಕ್ಸ್ ಕತ್ತರಿಸುವ ಊರು ನಮ್ಮದು. ಮೂಳೆ ಮುರಿಯುವ ಗೆರೆಗಳ ವಿಷಯದಲ್ಲಿ ಮಾತ್ರ ‘ಈ ಚಿತ್ರ ಏನು?’ ಅಂತ ಕೇಳಿ ಬಿಟ್ಟರೆ ಸಾಕೇ? ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ‘ಯಾಕೆ’ ಅನ್ನೋ ಪ್ರಶ್ನೆಗಳೂ ಇರಬೇಕು, ಅದೂ ಆಡುವ ಕನ್ನಡದಲ್ಲಿ ಅನ್ನೋದು ನಮ್ಮ ವಾದ.

ಅಂದಹಾಗೆ, ನಮ್ಮ ಕಾಲೇಜು ಗೇಟಿನಲ್ಲೂ ‘ಸ್ಟಾಪ್’ ಅಂತ ಬರೆದಿರೋದು ಚೌಕಾಕಾರದ ಹಸಿರು ಬೋರ್ಡಿನ ಮೇಲೆ. ಬದಲಿಸಿ ಅಂತ ಅರ್ಜಿ ಬರೆದಿದ್ದೇವೆ. ಗೆಳೆಯ ಮೊದಲ ಸಹಿ ಹಾಕಿದ್ದಾನೆ, ಎಡಗೈಯಲ್ಲಿ, ಸ್ವಲ್ಪ ಸೊಟ್ಟಗೆ. ಉಳಿದವರು ಶುಕ್ರವಾರದೊಳಗೆ ಕ್ಲಬ್ ರೂಮಿಗೆ ಬನ್ನಿ.