ಜ್ಯೇಷ್ಠತಾ ಪಟ್ಟಿಯ ಆಚೆಗಿನ ತೃಪ್ತಿ

ಅರ್ಥಶಾಸ್ತ್ರದ ವಿದ್ಯಾರ್ಥಿ ಮೊದಲ ವರ್ಷದಲ್ಲೇ ಕಲಿಯುವ ನಿಯಮವೊಂದಿದೆ: ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಹಸಿದವನಿಗೆ ಮೊದಲ ದೋಸೆ ನೀಡುವ ತೃಪ್ತಿಯನ್ನು ನಾಲ್ಕನೆಯದು ನೀಡಲಾರದು ಎಂಬುದು ಅದರ ಸಾರ. ಪಠ್ಯಪುಸ್ತಕಗಳು ಇದಕ್ಕೆ ಕೆಲವು ಅಪವಾದಗಳನ್ನೂ ಹೇಳುತ್ತವೆ: ಕುಡುಕ, ಜಿಪುಣ, ಹಳೆಯ ನಾಣ್ಯಗಳ ಸಂಗ್ರಾಹಕ. ಮೂರು ದಶಕಗಳಿಗೂ ಮಿಕ್ಕಿ ಸರ್ಕಾರಿ ಸೇವೆಯಲ್ಲಿದ್ದ ನಾನು ಈ ಸಾಲಿಗೆ ಇನ್ನೊಬ್ಬನನ್ನು ಸೇರಿಸಬಯಸುತ್ತೇನೆ. ಆತ ಬಡ್ತಿಗಾಗಿ ಕಾಯುತ್ತಿರುವ ಅಧಿಕಾರಿ.

ಇದು ಅನ್ಯರನ್ನು ಕುರಿತ ಮಾತಲ್ಲ. ಬಡ್ತಿಯೊಂದಕ್ಕಾಗಿ ನಾನು ಒಂಬತ್ತು ವರ್ಷ ಕಾದೆ. ಆದೇಶ ಕೈಸೇರಿದ ದಿನ ಮನೆಯಲ್ಲಿ ಪಾಯಸವಾಯಿತು. ಮರುವಾರ ಪರಿಷ್ಕೃತ ಜ್ಯೇಷ್ಠತಾ ಪಟ್ಟಿ ಹೊರಬಿದ್ದಾಗ, ನನಗಿಂತ ಎರಡು ವರ್ಷ ತಡವಾಗಿ ಸೇವೆಗೆ ಸೇರಿದವರ ಹೆಸರು ನನ್ನ ಹೆಸರಿನ ಮೇಲಿತ್ತು. ಸಂಬಳ ಅಷ್ಟೇ ಇತ್ತು, ಕುರ್ಚಿ ಅದೇ ಇತ್ತು. ಆದರೆ ಪಾಯಸದ ಸವಿ ಅಲ್ಲಿಗೆ ಮುಗಿದಿತ್ತು.

ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದರು. ನೂರು ವರ್ಷಗಳಲ್ಲಿ ಮುಂದುವರಿದ ದೇಶಗಳ ಜೀವನಮಟ್ಟ ನಾಲ್ಕರಿಂದ ಎಂಟು ಪಟ್ಟು ಏರುವುದೆಂದೂ, ವಾರಕ್ಕೆ ಹದಿನೈದು ಗಂಟೆಗಳ ದುಡಿಮೆ ಸಾಕಾಗುವುದೆಂದೂ ಅವರು ಊಹಿಸಿದ್ದರು. ಮೊದಲ ಊಹೆ ಬಹುಮಟ್ಟಿಗೆ ನಿಜವಾಯಿತು, ಎರಡನೆಯದು ಸುಳ್ಳಾಯಿತು. ಏಕೆಂಬುದರ ಸುಳಿವು ಅದೇ ಪ್ರಬಂಧದಲ್ಲಿದೆ. ಮನುಷ್ಯನ ಅಗತ್ಯಗಳು ಎರಡು ಬಗೆಯವು: ನೆರೆಯವನು ಹೇಗೇ ಇರಲಿ, ನಮಗೆ ಬೇಕೇ ಬೇಕಾದವು ಒಂದು, ನೆರೆಯವನಿಗಿಂತ ಮೇಲೆ ನಿಂತಾಗ ಮಾತ್ರ ತಣಿಯುವವು ಇನ್ನೊಂದು. ಈ ಎರಡನೆಯದಕ್ಕೆ ತಳವೇ ಇಲ್ಲದಿರಬಹುದೆಂದು ಕೇನ್ಸ್ ಶಂಕಿಸಿದ್ದರು.

ದೇಶದ ವರಮಾನ ಏರಿದಷ್ಟೂ ಜನರ ಸಂತೋಷ ಏರುವುದಿಲ್ಲವೆಂದು 1974ರಲ್ಲಿ ರಿಚರ್ಡ್ ಈಸ್ಟರ್ಲಿನ್ ವಾದಿಸಿದರು. 2008ರಲ್ಲಿ ಬೆಟ್ಸಿ ಸ್ಟೀವನ್‌ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಅದನ್ನು ಪ್ರಶ್ನಿಸಿದರು. ಆ ಜಗಳ ಅರ್ಥಶಾಸ್ತ್ರಜ್ಞರಿಗಿರಲಿ. ಬಾಡಿಗೆ, ಔಷಧಿಗಳ ಚಿಂತೆಯಲ್ಲಿರುವವರಿಗೆ ಹಣದಿಂದ ಸುಖವಿಲ್ಲವೆಂದು ಬೋಧಿಸುವುದು ಕ್ರೌರ್ಯ. ನಾನು ಹೇಳುತ್ತಿರುವುದು ಪಿಂಚಣಿಯುಳ್ಳ ನನ್ನಂಥವರ ಹಸಿವಿನ ಬಗ್ಗೆ.

ಮತ್ತಾಯನ ಸುವಾರ್ತೆಯಲ್ಲಿ ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಸಾಮ್ಯವಿದೆ. ಯಜಮಾನನು ಬೆಳಗಿನ ಜಾವದಲ್ಲಿ ದಿನಕ್ಕೊಂದು ಬೆಳ್ಳಿ ನಾಣ್ಯಕ್ಕೆ ಕೂಲಿಗಳನ್ನು ಗೊತ್ತುಮಾಡುತ್ತಾನೆ. ದಿನವಿಡೀ ಹೋಗಿ ಹೋಗಿ ಇನ್ನಷ್ಟು ಮಂದಿಯನ್ನು ಕರೆತರುತ್ತಾನೆ. ಕೊನೆಯವರು ಬಂದಾಗ ಕೆಲಸಕ್ಕೆ ಉಳಿದಿರುವುದು ಒಂದೇ ತಾಸು. ಸಂಜೆ ಎಲ್ಲರಿಗೂ ಸಿಗುವುದು ಅದೇ ಒಂದು ನಾಣ್ಯ. ಬೆಳಗಿನಿಂದ ದುಡಿದವರು ಗೊಣಗುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ಈ ಕಥೆ ನನಗೆ ಸಹಿಸದಾಗಿತ್ತು. ಯಾವ ಕಾರ್ಮಿಕ ಆಯುಕ್ತರೂ ಒಪ್ಪುವ ವ್ಯವಹಾರವಲ್ಲ ಅದು. ಆದರೆ ಮೊದಲು ಬಂದವರ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಪಕ್ಕದವನ ಅಂಗೈಯನ್ನು ನೋಡುವವರೆಗೆ ಅವರು ತೃಪ್ತರೇ ಆಗಿದ್ದರು. ಅದು ನನ್ನ ಜ್ಯೇಷ್ಠತಾ ಪಟ್ಟಿಯ ಕಥೆಯೆಂಬುದು ಅರಿವಾಗಲು ನನಗೆ ಐವತ್ತೈದು ವರ್ಷ ತುಂಬಬೇಕಾಯಿತು. ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ. ಅದು ಸಂಪಾದನೆಯಲ್ಲ, ಆದ್ದರಿಂದ ಅದರಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ. ಹೋಲಿಕೆಗೆ ಸಿಗದದ್ದು ಮಾತ್ರವೇ ಕೇನ್ಸರ ಆ ಎರಡನೆಯ ಹಸಿವನ್ನು ತಣಿಸಬಲ್ಲದು.

ನನಗಿಂತ ಬಹು ಹಿಂದೆ ಈ ದಾರಿ ಸವೆಸಿದವರು ಸಂತ ಅಗಸ್ಟೀನರು. ಉತ್ತರ ಆಫ್ರಿಕದ ಸಣ್ಣ ಊರಿನಿಂದ ಹೊರಟು 384ರಲ್ಲಿ ಮಿಲಾನ್ ನಗರದ ವಾಗ್ಮಿತೆಯ ಅಧ್ಯಾಪಕರಾದರು. ಚಕ್ರವರ್ತಿಯ ಸ್ತುತಿಭಾಷಣವೊಂದನ್ನು ಸಿದ್ಧಪಡಿಸಿಕೊಂಡು, ಅದರಲ್ಲಿ ಬಹುಪಾಲು ಸುಳ್ಳೆಂದು ತಿಳಿದೂ ಚಿಂತೆಯಿಂದ ಸಾಗುತ್ತಿದ್ದಾಗ, ಬೀದಿಯಲ್ಲಿ ಕುಡಿದು ನಗುತ್ತಿದ್ದ ಭಿಕ್ಷುಕನೊಬ್ಬ ಕಣ್ಣಿಗೆ ಬಿದ್ದ. ತಾನು ಇಷ್ಟು ಬಳಲಿ ಅರಸುತ್ತಿರುವ ನೆಮ್ಮದಿಯನ್ನು ಇವನು ನಾಲ್ಕು ಕಾಸಿಗೆ, ಒಂದು ರಾತ್ರಿಯ ಮಟ್ಟಿಗಾದರೂ ಪಡೆದಿದ್ದಾನಲ್ಲ ಎಂಬ ನಾಚಿಕೆಯನ್ನು ಅವರು ತಮ್ಮ ಆತ್ಮನಿವೇದನೆಯಲ್ಲಿ ದಾಖಲಿಸಿದ್ದಾರೆ. ಮಂತ್ರಿಗಳಿಗೆ ಭಾಷಣ ಬರೆದುಕೊಟ್ಟವರಿಗೆ ಆ ಪುಟಗಳು ಸುಲಭವಾಗಿ ಅರ್ಥವಾಗುತ್ತವೆ.

386ರಲ್ಲಿ ಅವರು ಹುದ್ದೆ ಬಿಟ್ಟರು, ಮರುವರ್ಷ ದೀಕ್ಷಾಸ್ನಾನ ಪಡೆದರು. ಮುಂದಿನದು ಸುಖದ ಕಥೆಯಲ್ಲ. ಅದೇ ವರ್ಷ ತಾಯಿ ಮೋನಿಕಾ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಮಗನೂ ಹೋದ. ಹಿಪ್ಪೊ ಎಂಬ ಬಂದರು ಪಟ್ಟಣದ ಬಿಷಪ್ಪರಾಗಿ ಅವರು ಅನೇಕ ದಿನಗಳನ್ನು ಕಳೆದದ್ದು ಜಮೀನು, ಪಿತ್ರಾರ್ಜಿತಗಳ ವ್ಯಾಜ್ಯ ಬಿಡಿಸುವುದರಲ್ಲಿ. ನಮ್ಮ ತಹಶೀಲ್ದಾರರ ಪಾಡು! ಓದಿಗೆ ಸಮಯವಿಲ್ಲವೆಂದು ಅವರು ದೂರುತ್ತಲೂ ಇದ್ದರು. 430ರಲ್ಲಿ ವ್ಯಾಂಡಲರ ಸೇನೆ ಪಟ್ಟಣವನ್ನು ಮುತ್ತಿದ್ದಾಗ ಅಲ್ಲಿಯೇ ಕಣ್ಮುಚ್ಚಿದರು. ಮಿಲಾನಿನ ಹುದ್ದೆಗಾಗಿ ಅವರು ಮತ್ತೆ ಹಂಬಲಿಸಲಿಲ್ಲ.

ಆದ್ದರಿಂದಲೇ ಇಂದು ಕೆಲವು ವೇದಿಕೆಗಳಿಂದ ಕೇಳಿಬರುವ ಬೋಧನೆ ನನ್ನನ್ನು ಕೆರಳಿಸುತ್ತದೆ. ದಶಮಾಂಶ ಕೊಟ್ಟರೆ ನೂರ್ಮಡಿ ಮರಳುತ್ತದೆ, ನಂಬಿದವನಿಗೆ ಕಾರು, ಮನೆ, ವೀಸಾ ದೊರೆಯುತ್ತದೆ ಎಂಬುದು ದೇವರನ್ನು ನಿಶ್ಚಿತ ಠೇವಣಿಯಾಗಿಸುವ ವ್ಯಾಪಾರ. ಲೌಕಿಕದಿಂದ ಬಿಡಿಸಬೇಕಾದವರೇ ಲೌಕಿಕದ ದಲ್ಲಾಳಿಗಳಾದರೆ ಹೇಗೆ? ಇನ್ನು ಸಭೆಗಳ ಸಮಿತಿ ಚುನಾವಣೆಗಳನ್ನು ಬಲ್ಲವರು, ಅಲ್ಲಿನ ಜಾತಿಲೆಕ್ಕ ಕಂಡವರು, ಹೋಲಿಕೆಯಿಲ್ಲದ ಕೃಪೆಯ ಮಾತಿಗೆ ನಗಬಹುದು. ನಗಲು ಕಾರಣವಿದೆ. ಅನ್ಯಧರ್ಮೀಯ ಓದುಗರು ತಮ್ಮ ಪರಂಪರೆಯಲ್ಲೂ ಇಂಥ ಬಿಡುಗಡೆ ಇದೆಯೆನ್ನಬಹುದು. ಅಲ್ಲಗಳೆಯುವ ಅಧಿಕಾರ ನನಗಿಲ್ಲ. ನಾನು ಬಲ್ಲ ಬಾಗಿಲು ಇದು.

ನಾಲ್ಕು ವರ್ಷಗಳ ಹಿಂದೆ ನನ್ನ ಪತ್ನಿ ತೀರಿಕೊಂಡಳು. ಆ ತಿಂಗಳುಗಳಲ್ಲಿ, ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ, ನಿವೃತ್ತಿಯ ವೇಳೆಗೆ ನಾನೇರಿದ ಪದವಿಯಾಗಲಿ ಎರಡಂತಸ್ತಿನ ಮನೆಯಾಗಲಿ ಉಪಯೋಗಕ್ಕೆ ಬರಲಿಲ್ಲ. ನಂಬಿಕೆಯೂ ದುಃಖವನ್ನು ತೊಡೆಯಲಿಲ್ಲ. ಆದರೆ ಆ ದುಃಖದೊಡನೆ ಭಾನುವಾರ ಹೋಗಿ ಮೊಣಕಾಲೂರಲು ಒಂದು ಸ್ಥಳವಿತ್ತು.

ಈಗಲೂ ಹೋಗುತ್ತೇನೆ. ಕರ್ತನ ಭೋಜನದ ಹೊತ್ತಿಗೆ ಸಾಲಿನಲ್ಲಿ ಅನೇಕ ಸಲ ನನ್ನ ಪಕ್ಕದಲ್ಲಿರುವವರು, ಹಿಂದೆ ನಮ್ಮ ಕಚೇರಿಯಲ್ಲಿ ದಲಾಯತ್ ಆಗಿದ್ದು ನನ್ನ ಕಾರಿನ ಬಾಗಿಲು ತೆರೆಯುತ್ತಿದ್ದ ಹಿರಿಯರು. ಇಬ್ಬರಿಗೂ ಸಿಗುವುದು ಒಂದೇ ರೊಟ್ಟಿಯ ಒಂದೊಂದು ಚೂರು. ಮಂಡಿನೋವಿರುವ ನನ್ನನ್ನು ಏಳಿಸಲು ಅವರೇ ಕೈ ನೀಡುತ್ತಾರೆ.