ಭೂತಾನದ ಹಸಿ ಅಡಿಕೆ ಮತ್ತು ಚನ್ನಗಿರಿಯ ಲೆಕ್ಕ

2022ರ ಸೆಪ್ಟೆಂಬರ್ 28ರಂದು ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಭೂತಾನದ ಹಸಿ ಅಡಿಕೆಯನ್ನು ವರ್ಷಕ್ಕೆ 17,000 ಟನ್ನಿನವರೆಗೆ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಸುಂಕ ಠಾಣೆಯ ಮೂಲಕ ತರಿಸಿಕೊಳ್ಳಬಹುದು ಎಂಬುದು ಅದರ ಸಾರ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ತೋಟಗಳಲ್ಲಿ ಆಗ ಕೊಯ್ಲು ಶುರುವಾಗುವ ಹೊತ್ತು. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರ ಜೊತೆ ದರದ ಮಾತು ನಡೆಯುವ ಕಾಲದಲ್ಲೇ ಈ ಸುದ್ದಿ ಬಂತು. ಬೆಳೆಗಾರರು ಸಿಟ್ಟಾದರು. ಆ ಸಿಟ್ಟಿನಲ್ಲಿ ಅರ್ಧ ನ್ಯಾಯವಾದದ್ದು, ಇನ್ನರ್ಧ ತಪ್ಪು ದಿಕ್ಕಿಗೆ ತಿರುಗಿದ್ದು ಎಂದು ನನಗನಿಸುತ್ತದೆ.

ಮೊದಲು ಭೂತಾನದ ಸ್ಥಿತಿ ನೋಡೋಣ. ಅದರ ಜನಸಂಖ್ಯೆ ಎಂಟು ಲಕ್ಷ ಮುಟ್ಟುವುದಿಲ್ಲ. ನಮ್ಮ ದಾವಣಗೆರೆ ಜಿಲ್ಲೆಯ ಅರ್ಧದಷ್ಟೂ ಅಲ್ಲ. ಅದರ ಉತ್ತರಕ್ಕೆ ಚೀನಾ. ಭೂತಾನದ ಉತ್ತರ ಭಾಗದ ಜಕರ್ಲುಂಗ್, ಪಸಮ್ಲುಂಗ್ ಕಣಿವೆಗಳು ತನ್ನವೆಂದು ಚೀನಾ ಬಹುಕಾಲದಿಂದ ಹೇಳುತ್ತಿದೆ. ಅವನ್ನು ಬಿಟ್ಟುಕೊಡುತ್ತೇವೆ, ಪಶ್ಚಿಮದ ಜಾಗ ನಮಗೆ ಕೊಡಿ ಎಂದು 1996ರಲ್ಲಿ ಕೇಳಿತು. 2017ರ ಜೂನ್‌ನಲ್ಲಿ ಅದೇ ಪಶ್ಚಿಮ ಭಾಗದ ದೋಕ್ಲಾಮ್‌ನಲ್ಲಿ ಚೀನಾ ರಸ್ತೆ ಮಾಡಲು ಹೊರಟಾಗ ಭಾರತದ ಸೈನಿಕರು ಅಡ್ಡ ನಿಂತರು. 73 ದಿನ ಎರಡೂ ಸೇನೆಗಳು ಎದುರುಬದುರಾಗಿದ್ದವು. 2020ರಲ್ಲಿ ಪೂರ್ವದ ಸಕ್ತೇಂಗ್ ಅಭಯಾರಣ್ಯದ ಮೇಲೂ ಹೊಸದಾಗಿ ಹಕ್ಕು ಎತ್ತಿತು. ಚೀನಾದೊಡನೆ ರಾಜತಾಂತ್ರಿಕ ಸಂಬಂಧವನ್ನೇ ಇಟ್ಟುಕೊಳ್ಳದ ಈ ಪುಟ್ಟ ರಾಜ್ಯಕ್ಕೆ ಇಷ್ಟೆಲ್ಲ ಒತ್ತಡ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ದೊಡ್ಡ ದೇಶಗಳು ಈಗ ಸೇನೆಯನ್ನು ಕಳಿಸಿ ಮಾತ್ರ ಹೆದರಿಸುವುದಿಲ್ಲ. ಮಾರುಕಟ್ಟೆಯ ಬಾಗಿಲನ್ನೂ ಹಾಕುತ್ತವೆ. 2010ರಲ್ಲಿ ಚೀನಾದ ಜೈಲಿನಲ್ಲಿದ್ದ ಲಿಯು ಷಿಯಾಬೋ ಅವರಿಗೆ ನಾರ್ವೆಯ ಸಮಿತಿ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟ ಮೇಲೆ ನಾರ್ವೆಯ ಸಾಲ್ಮನ್ ಮೀನು ಚೀನಾದಲ್ಲಿ ತೊಡಕಿಗೆ ಸಿಕ್ಕಿತು. 2021ರಲ್ಲಿ ಲಿಥುವೇನಿಯಾ ತನ್ನ ರಾಜಧಾನಿಯಲ್ಲಿ ತೈವಾನ್ ಹೆಸರಿನ ಕಚೇರಿ ತೆರೆಯಲು ಬಿಟ್ಟಿದ್ದಕ್ಕೆ ಅದರ ಸರಕು ಚೀನಾದ ಸುಂಕ ಕಟ್ಟೆ ದಾಟದಂತಾಯಿತು. ಆಗ ತೈವಾನ್ 20 ಕೋಟಿ ಡಾಲರಿನ ಹೂಡಿಕೆ ನಿಧಿ, 100 ಕೋಟಿ ಡಾಲರಿನ ಸಾಲ ನಿಧಿ ಘೋಷಿಸಿತು. ಚೀನಾಕ್ಕೆ ಹೋಗಬೇಕಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾಟಲಿ ಲಿಥುವೇನಿಯಾದ ರಮ್ ಕೊಂಡುಕೊಂಡಿತು. ಆ ಹೊತ್ತಿಗೆ ಭಾಷಣಕ್ಕಿಂತ ಆ ಖರೀದಿಯೇ ದೊಡ್ಡ ಆಸರೆ.

ಇದು ಅಡಿಕೆ ಬೆಳೆಗಾರರಿಗೆ ತಿಳಿಯದ ವಿಷಯವಲ್ಲ. ತೋಟಕ್ಕೆ ಬರುವ ಖೇಣಿದಾರ ಒಬ್ಬನೇ ಆದರೆ ಅವನು ಹೇಳಿದ್ದೇ ದರ. ಮುಂಗಡ ತೆಗೆದುಕೊಂಡಿದ್ದರಂತೂ ಬಾಯಿ ಬಿಡುವಂತಿಲ್ಲ. ಚನ್ನಗಿರಿಯ ತುಮ್ಕೋಸ್, ಶಿವಮೊಗ್ಗದ ಮ್ಯಾಮ್ಕೋಸ್‌ನಂಥ ಸಹಕಾರಿ ಸಂಘಗಳು ಇರುವುದರಿಂದ, ಸಂಘಕ್ಕೆ ಹಾಕದ ಬೆಳೆಗಾರನಿಗೂ ಒಂದು ಬಲವಿದೆ: ಬೇಡವೆಂದು ಹೇಳಿ ಬೇರೆಡೆ ಹೋಗಬಹುದು. ಸಣ್ಣ ದೇಶಕ್ಕೂ ಬೇಕಾದದ್ದು ಅದೇ. ನೆರವು ಎಂದರೆ ಅದಕ್ಕೆ ಎರಡನೆಯ ದಾರಿಯೊಂದನ್ನು ತೆರೆದುಕೊಡುವುದು.

ಆ ದೃಷ್ಟಿಯಿಂದ ಭಾರತ ಮಾಡಿದ್ದರಲ್ಲಿ ಬಹಳಷ್ಟು ಸರಿಯಾಗಿದೆ. 336 ಮೆಗಾವಾಟ್‌ನ ಚುಖಾ ಜಲವಿದ್ಯುತ್ ಯೋಜನೆಗೆ ನಾವು ಕೊಟ್ಟ ಹಣದಲ್ಲಿ 60 ಭಾಗ ಅನುದಾನ, 40 ಭಾಗ ಸಾಲ. ತಾಲಾ, ಮಾಂಗ್ದೆಛು ಆಮೇಲೆ ಬಂದವು. ಮಿಕ್ಕ ವಿದ್ಯುತ್ತನ್ನು ನಮಗೆ ಮಾರಿ ಭೂತಾನ ಸಂಪಾದಿಸುತ್ತದೆ. ಕೈಚಾಚಿ ನಿಂತು ಪಡೆದ ಹಣವಲ್ಲ ಅದು. ಸಮುದ್ರವಿಲ್ಲದ ಆ ದೇಶದ ಜಲ್ಲಿಕಲ್ಲು 2019ರಲ್ಲಿ ಅಸ್ಸಾಮಿನ ಧುಬ್ರಿಯಿಂದ ಬ್ರಹ್ಮಪುತ್ರದ ಮೇಲೆ ಹಡಗಿನಲ್ಲಿ ಬಾಂಗ್ಲಾದೇಶದ ನಾರಾಯಣಗಂಜ್‌ಗೆ ಹೋಯಿತು. ನಮ್ಮ ನೀರಿನ ದಾರಿ ಬಿಟ್ಟುಕೊಟ್ಟು ಅವರಿಗೆ ಇನ್ನೊಬ್ಬ ಗಿರಾಕಿಯನ್ನು ಮುಟ್ಟಿಸಿದ ಈ ಕೆಲಸವನ್ನು ನಾನು ಕೋಟಿಗಳ ಅನುದಾನಕ್ಕಿಂತ ಮೇಲೆ ಇಡುತ್ತೇನೆ.

ಆದರೆ ಕೊಡುವವನೇ ಕೈ ತಿರುಚಿದರೆ? 2012ರಲ್ಲಿ ಭೂತಾನದ ಆಗಿನ ಪ್ರಧಾನಿ ಜಿಗ್ಮೆ ಥಿನ್ಲೆ ಚೀನಾದ ಪ್ರಧಾನಿಯನ್ನು ರಿಯೊದಲ್ಲಿ ಭೇಟಿಯಾದರು. ಮರುವರ್ಷ ಜುಲೈನಲ್ಲಿ, ಅಲ್ಲಿ ಚುನಾವಣೆ ನಡೆಯುತ್ತಿರುವಾಗಲೇ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ನಾವು ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಯೋಜನಾ ಅವಧಿ ಮುಗಿದದ್ದೇ ಕಾರಣವೆಂದು ದೆಹಲಿ ಹೇಳಿತು. ಥಿನ್ಲೆ ಪಕ್ಷ ಸೋತ ಮೇಲೆ ಆಗಸ್ಟ್‌ನಲ್ಲಿ ಸಬ್ಸಿಡಿ ಮರಳಿತು. ಒಲೆ ಹಚ್ಚಲು ಒದ್ದಾಡಿದ ಮನೆಯವರು ಇದನ್ನು ಹೇಗೆ ಅರ್ಥಮಾಡಿಕೊಂಡಿರಬೇಕು ಎಂಬುದನ್ನು ವಿವರಿಸಬೇಕಿಲ್ಲ. 2015ರಲ್ಲಿ ನೇಪಾಳದ ಗಡಿಯಲ್ಲಿ ಲಾರಿಗಳು ತಿಂಗಳುಗಟ್ಟಲೆ ನಿಂತವು. ದಿಗ್ಬಂಧನ ನಾವು ಹಾಕಿಲ್ಲ ಎಂದರೂ ನೇಪಾಳಿಗಳು ನಂಬಲಿಲ್ಲ, 2016ರ ಮಾರ್ಚ್‌ನಲ್ಲಿ ಚೀನಾದೊಡನೆ ಸಾಗಣೆ ಒಪ್ಪಂದ ಮಾಡಿಕೊಂಡರು. ಬಲಾತ್ಕಾರದಿಂದ ಕಾಪಾಡಲು ಕೊಟ್ಟ ನೆರವು ತಾನೇ ಬಲಾತ್ಕಾರದ ಹತಾರವಾದರೆ ಪಡೆದವರು ದೂರ ಸರಿಯುತ್ತಾರೆ. ಆದ್ದರಿಂದ ನೆರವು ಒಂದು ಸರ್ಕಾರ ಮೆಚ್ಚಿದಾಗ ಹರಿದು, ಮುನಿದಾಗ ನಿಲ್ಲುವಂತಿರಬಾರದು.

ನಮ್ಮದೇ ಜಿಲ್ಲೆಯ ಜಗಳೂರಿನವರು ಕೇಳುವ ಪ್ರಶ್ನೆ ಬೇರೆ. 2024ರಲ್ಲಿ ಭೂತಾನದ ಹದಿಮೂರನೆಯ ಪಂಚವಾರ್ಷಿಕ ಯೋಜನೆಗೆ ಭಾರತ 10,000 ಕೋಟಿ ರೂಪಾಯಿ ಕೊಡುವುದಾಗಿ ಹೇಳಿತು. ಜಗಳೂರಿಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿಗೆ ಮಾತ್ರ ರಾಜ್ಯ ಕಾಯುತ್ತಲೇ ಬಂತು. ಮಳೆ ನೆಚ್ಚಿ ಮೆಕ್ಕೆಜೋಳ, ಶೇಂಗಾ ಬಿತ್ತುವವರಿಗೆ ನೋವಾಗುವುದು ಸಹಜ. ಆದರೆ ಜಗಳೂರಿನ ನೀರನ್ನು ಭೂತಾನ ಕಸಿದುಕೊಂಡಿಲ್ಲ. 2024-25ರ ಬಜೆಟ್‌ನಲ್ಲಿ ಭೂತಾನಕ್ಕೆ ಇಟ್ಟದ್ದು ಸುಮಾರು 2,068 ಕೋಟಿ. 48 ಲಕ್ಷ ಕೋಟಿಯ ಖರ್ಚಿನಲ್ಲಿ ನೂರು ರೂಪಾಯಿಗೆ ನಾಲ್ಕೂಕಾಲು ಪೈಸೆ. ಕೊಟ್ಟ ಮಾತು ಉಳಿಸಿಕೊಳ್ಳದವರನ್ನು ಕೇಳಬೇಕೇ ಹೊರತು ನೆರೆಯವರಿಗೆ ಕೊಟ್ಟದ್ದನ್ನು ಆಡಿಕೊಂಡು ಫಲವಿಲ್ಲ.

ಈಗ ಅಡಿಕೆಗೆ ಬರೋಣ. ನಮ್ಮಲ್ಲಿ ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ 12-13 ಕೆಜಿ ಕೆಂಪಡಿಕೆ ಸಿಗುತ್ತದೆ. ಆ ಲೆಕ್ಕದಲ್ಲಿ 17,000 ಟನ್ ಹಸಿ ಅಡಿಕೆ ಒಣಗಿದರೆ ಎರಡು ಸಾವಿರದ ಇನ್ನೂರು ಟನ್ ಸುಮಾರು. ದೇಶದ ಉತ್ಪಾದನೆ ಹತ್ತು ಲಕ್ಷ ಟನ್ ದಾಟಿದೆ. ಇಷ್ಟರಿಂದಲೇ ರಾಶಿ ಅಡಿಕೆಯ ಧಾರಣೆ ಬೀಳುವುದಿಲ್ಲ. ಬೀಳಿಸುವುದು ಸುದ್ದಿ ಹಿಡಿದು ದರ ಇಳಿಸುವ ವ್ಯಾಪಾರಿಗಳು, ಮ್ಯಾನ್ಮಾರ್ ಗಡಿಯಿಂದ ಕದ್ದು ಬರುವ ಮಾಲು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದರು. ಕಳ್ಳದಾರಿಯಲ್ಲಿ ಬರುವುದಕ್ಕೆ ಯಾವ ಬೆಲೆಯೂ ತಡೆಯಲ್ಲ.

ಹಾಗಿದ್ದರೂ ಬೆಳೆಗಾರನ ತಕರಾರಿನಲ್ಲಿ ಒಂದು ಸತ್ಯವಿದೆ. ವಿದ್ಯುತ್ ಯೋಜನೆಯ ಹಣ ಇಡೀ ದೇಶದ ಖಜಾನೆಯಿಂದ ಹೋಗುತ್ತದೆ. ಅಡಿಕೆಗೆ ಕೊಟ್ಟ ರಿಯಾಯಿತಿಯ ಭಾರ ಒಂದೇ ಬೆಳೆಯವರ ಮೇಲೆ ಬೀಳುತ್ತದೆ, ಅದೂ ಅವರನ್ನು ಒಂದು ಮಾತು ಕೇಳದೆ. ಯುಕ್ರೇನಿಗೆ ಆಸರೆಯಾಗಲೆಂದು ಯುರೋಪ್ ಒಕ್ಕೂಟ 2022ರಲ್ಲಿ ಅಲ್ಲಿನ ಧಾನ್ಯದ ಮೇಲಿನ ಸುಂಕ ತೆಗೆದಾಗಲೂ ಹೀಗೇ ಆಯಿತು. ಅಗ್ಗದ ಗೋಧಿ, ಮೆಕ್ಕೆಜೋಳ ಪಕ್ಕದ ಪೋಲೆಂಡಿನಲ್ಲಿ ತುಂಬಿಕೊಂಡು ರೈತರು ಬೀದಿಗಿಳಿದರು. ಒಕ್ಕೂಟ ಪೋಲೆಂಡ್, ರೊಮೇನಿಯಾ, ಬಲ್ಗೇರಿಯಾ ರೈತರಿಗೆ 5.63 ಕೋಟಿ ಯೂರೊ ಪರಿಹಾರ ಕೊಟ್ಟಿತು. ತಡವಾಯಿತು, ಸಾಲಲಿಲ್ಲ, 2023ರ ಏಪ್ರಿಲ್‌ನಲ್ಲಿ ಪೋಲೆಂಡ್ ಆಮದನ್ನೇ ನಿಷೇಧಿಸಿತು. ಯುಕ್ರೇನಿನ ಬೆನ್ನಿಗೆ ಅಷ್ಟು ಗಟ್ಟಿಯಾಗಿ ನಿಂತ ದೇಶವೇ ಹಾಗೆ ಮಾಡಿತು. ಮನೆಯ ರೈತನನ್ನು ಮರೆತ ನೆರವು ಹೆಚ್ಚು ಕಾಲ ಬಾಳುವುದಿಲ್ಲ.

ಹಾಗಾಗಿ ಭೂತಾನದ ಅಡಿಕೆ ಬರಬಾರದು ಎಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಬಂದ ಪ್ರತಿ ಲೋಡು ನಿಜಕ್ಕೂ ಭೂತಾನದ್ದೇ ಎಂದು ಜೈಗಾಂವ್‌ನಲ್ಲಿ ತಪಾಸಣೆಯಾಗಲಿ, ತಿಂಗಳ ಆಮದಿನ ಲೆಕ್ಕವನ್ನು ತುಮ್ಕೋಸ್‌ನಂಥ ಸಂಘಗಳಿಗೆ ಕಳಿಸಲಿ, ಆಮದಿನಿಂದ ಧಾರಣೆ ಕುಸಿದ ವರ್ಷ ವಿದೇಶಾಂಗ ಇಲಾಖೆಯ ನೆರವಿನ ಬಾಬ್ತಿನಿಂದಲೇ ಬೆಳೆಗಾರರಿಗೆ ಪರಿಹಾರ ಸಿಗಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಒಂದೇ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಅಡಿಕೆಯವರೂ ಮೆಕ್ಕೆಜೋಳದವರೂ ಕೂಡಿ ತಮ್ಮ ಸಂಸದರ ಕೈಗೆ ಈ ಮೂರು ಬೇಡಿಕೆಗಳನ್ನು ಬರೆದು ಕೊಡಬೇಕು.